ಪಾಳಿ ಬದಲಾಗುವ ಅರ್ಧ ಗಂಟೆ

ಕಳೆದ ಮಳೆಗಾಲದ ಒಂದು ರಾತ್ರಿ. 10 ಗಂಟೆ ದಾಟಿತ್ತು. ಉತ್ತರ ಕರ್ನಾಟಕದ ಒಂದು ವಿಮಾನ ನಿಲ್ದಾಣದಿಂದ ನನ್ನ ಮೇಜಿನ ಫೋನಿಗೆ ಕರೆ ಬಂತು. ಆ ತುದಿಯಲ್ಲಿದ್ದವರು ನಮ್ಮದೇ ಎಂಜಿನಿಯರ್, ನನಗಿಂತ ಹತ್ತು ವರ್ಷ ಚಿಕ್ಕವರು.

“ಸಾರ್, ಎಡಗಡೆ ಗೇರು, ಹೊರಗಿನ ಟೈರು. ಕಟ್ ಆಗಿದೆ.”

“ಆಳ ಎಷ್ಟಿದೆ, ಅಳೆದ್ರಾ?”

“ಅಳೆಯೋ ಹಂಗೇ ಇಲ್ಲ ಸಾರ್. ಒಳಗಿನ ದಾರ ಹರಿದು ಈಚೆಗೆ ಬಂದಿದೆ.”

ದಾರ ಹರಿದಿದೆ ಎಂದ ಮೇಲೆ ಚರ್ಚೆಗೆ ಜಾಗವಿಲ್ಲ. ಏರ್‌ಬಸ್ ಎ320ರ ಟೈರಿನಲ್ಲಿ ಸುಮಾರು 200 ಪಿಎಸ್‌ಐ ಒತ್ತಡದಲ್ಲಿ ನೈಟ್ರೋಜನ್ ತುಂಬಿರುತ್ತದೆ. ನಮ್ಮ ಕಾರುಗಳ ಟೈರಿನಲ್ಲಿರುವುದು ಮೂವತ್ತು ಚಿಲ್ಲರೆ. ಚಕ್ರ ಬದಲಾಗದೆ ವಿಮಾನ ಅಲ್ಲಾಡುವಂತಿಲ್ಲ. ಅದು ಚಿಕ್ಕ ನಿಲ್ದಾಣ, ಬಿಡಿ ಚಕ್ರವಿಲ್ಲ, ಎತ್ತಲು ಜ್ಯಾಕೂ ಇಲ್ಲ. ಅಂದು ರಾತ್ರಿ ಅಲ್ಲಿಗೆ ಹೋಗುವ ವಿಮಾನ ಇನ್ನೊಂದಿರಲಿಲ್ಲ. ಬೆಳಿಗ್ಗೆ 6.20ಕ್ಕೆ ಅದೇ ವಿಮಾನ ಜನ ತುಂಬಿಕೊಂಡು ಬೆಂಗಳೂರಿಗೆ ಹೊರಡಬೇಕು.

ಉಗ್ರಾಣಕ್ಕೆ ಫೋನು ಮಾಡಿದೆ. ಚಕ್ರ ಇದೆಯೆಂದರು. ನೂರು ಕಿಲೋ ಮೀರಿದ ತೂಕ, ರಸ್ತೆಯಲ್ಲೇ ಹೋಗಬೇಕು. ಲಾರಿ ಹೇಳಿ, ಇಬ್ಬರು ತಂತ್ರಜ್ಞರನ್ನು ಹೊರಡಿಸಿದೆ. ಜ್ಯಾಕು, ಟಾರ್ಕ್ ವ್ರೆಂಚು ಹಾಕಿಸಿದೆ. ವ್ರೆಂಚಿನ ಕ್ಯಾಲಿಬ್ರೇಷನ್ ಅವಧಿ ಮುಗಿದಿಲ್ಲವೆಂದು ಅದರ ಮೇಲಿನ ಚೀಟಿಯನ್ನು ಓದಿಸಿ ಕೇಳಿಸಿಕೊಂಡೆ. ವೇಳಾಪಟ್ಟಿ ನೋಡುವವರಿಗೆ, “6.20 ಆಗೋದಿಲ್ಲ, 8.45 ಅಂತ ಹಾಕಿ, ಪ್ರಯಾಣಿಕರಿಗೆ ಈಗಲೇ ಮೆಸೇಜು ಹೋಗಲಿ, ಪಾಪ ನಾಲ್ಕು ಗಂಟೆಗೆ ಎದ್ದು ಬರೋದು ಬೇಡ” ಎಂದೆ. 11.15ಕ್ಕೆ ಲಾರಿ ದೇವನಹಳ್ಳಿಯ ಗೇಟು ದಾಟಿತು. ಅದು ಅಲ್ಲಿ ಮುಟ್ಟುವುದು ಬೆಳಿಗ್ಗೆ ಆರರ ಸುಮಾರಿಗೆ. ನನ್ನ ಪಾಳಿ ಮುಗಿಯುವುದು ಏಳಕ್ಕೆ.

ಅಂದರೆ ಕೆಲಸ ನಡುವಿನಲ್ಲಿರುವಾಗ ಅದು ನನ್ನ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ. ಹೀಗೆ ಕೈ ಬದಲಾಗುವ ಹೊತ್ತಿನ ಬಗ್ಗೆಯೇ ಇಲ್ಲಿ ಹೇಳಬೇಕಿದೆ.

ನಾನು ವಿಮಾನ ನಿರ್ವಹಣಾ ಸಂಯೋಜಕ. ಆಫೀಸಿನಲ್ಲಿ ಎಲ್ಲರೂ ಮೆಂಟೆನೆನ್ಸ್ ಕೋಆರ್ಡಿನೇಟರ್ ಎನ್ನುತ್ತಾರೆ. ಸ್ಪ್ಯಾನರ್ ಹಿಡಿಯುವವರು ತಂತ್ರಜ್ಞರು. ವಿಮಾನ ಹಾರಲು ಯೋಗ್ಯ ಎಂದು ಸಹಿ ಹಾಕುವವರು ನಾಗರಿಕ ವಿಮಾನಯಾನದ ನಿಯಂತ್ರಕ ಡಿಜಿಸಿಎಯಿಂದ ಪರವಾನಗಿ ಪಡೆದ ಎಂಜಿನಿಯರ್‌ಗಳು. ಆ ಸಹಿ ಬೀಳದೆ ಯಾವ ವಿಮಾನವೂ ಹೊರಡುವುದಿಲ್ಲ. ಇವರಿಗೂ ಪೈಲಟ್‌ಗೂ ಉಗ್ರಾಣಕ್ಕೂ ಕಸ್ಟಮ್ಸ್‌ಗೂ ವೇಳಾಪಟ್ಟಿಯವರಿಗೂ ನಡುವೆ ಒಬ್ಬರು ಇರಬೇಕು. ಯಾವ ವಿಮಾನ ಎಲ್ಲಿದೆ, ಅದರಲ್ಲಿ ಏನು ಕೆಟ್ಟಿದೆ, ಏನು ಬಾಕಿಯಿದೆ, ಬಿಡಿಭಾಗ ಎಲ್ಲಿಂದ ಬರಬೇಕು, ರಾತ್ರಿ ಎಷ್ಟು ಗಂಟೆ ಸಿಗುತ್ತದೆ, ಇಷ್ಟನ್ನೂ ಒಟ್ಟಿಗೆ ಕಣ್ಣಲ್ಲಿಟ್ಟುಕೊಳ್ಳುವವರು. ಆ ಕೆಲಸ ನಮ್ಮದು. ಪ್ರಯಾಣಿಕರು ನಮ್ಮನ್ನು ನೋಡುವುದಿಲ್ಲ, ನಮಗೂ ವಿಮಾನ ಕಾಣುವುದು ಅಪರೂಪ. ನಮ್ಮ ಕೋಣೆಗೆ ಕಿಟಕಿಯಿಲ್ಲ. ಗೋಡೆಯ ಪರದೆಯಲ್ಲಿ ನೋಂದಣಿ ಅಕ್ಷರಗಳ ಸಾಲು, ಮೇಜಿನ ಮೇಲೆ ಫೋನುಗಳು, ಪಕ್ಕದಲ್ಲಿ ಹ್ಯಾಂಡೋವರ್ ಪುಸ್ತಕ.

ಈಗಿನ ವಿಮಾನ ಆಕಾಶದಲ್ಲಿರುವಾಗಲೇ ತನ್ನ ಕಾಯಿಲೆಯನ್ನು ಕೆಳಕ್ಕೆ ತಿಳಿಸುತ್ತದೆ. 1978ರಲ್ಲಿ ಅಮೆರಿಕದಲ್ಲಿ ಶುರುವಾದ ಏಕಾರ್ಸ್ ಎಂಬ ಸಂದೇಶ ವ್ಯವಸ್ಥೆ ಇವತ್ತಿಗೂ ದುಡಿಯುತ್ತಿದೆ. ಯಾವುದೋ ಕವಾಟ ಸರಿಯಾಗಿ ಮುಚ್ಚಲಿಲ್ಲವೆಂದರೆ ವಿಮಾನ ಇಳಿಯುವ ಮೊದಲೇ ನನ್ನ ಪರದೆಯಲ್ಲಿ ಒಂದು ಸಾಲು ಮೂಡುತ್ತದೆ. ಅದು ಇಳಿದು ನಿಲ್ಲುವಷ್ಟರಲ್ಲಿ ಬಿಡಿಭಾಗ ಹಿಡಿದುಕೊಂಡ ಹುಡುಗರು ಕೆಳಗೆ ನಿಂತಿರಬೇಕು.

ಕೆಟ್ಟದ್ದನ್ನೆಲ್ಲ ಅಲ್ಲೇ ಸರಿಮಾಡಿಯೇ ಹಾರಬೇಕೆಂದಿಲ್ಲ ಎನ್ನುವುದು ಹೊರಗಿನವರಿಗೆ ಗಾಬರಿ ಹುಟ್ಟಿಸುತ್ತದೆ. ಗಾಬರಿಯಾಗಬೇಕಿಲ್ಲ. ಯಾವ ಉಪಕರಣ ಕೆಟ್ಟರೆ ಯಾವ ಷರತ್ತಿನ ಮೇಲೆ, ಎಷ್ಟು ದಿನ ಹಾರಬಹುದು ಎಂದು ಹೇಳುವ, ಡಿಜಿಸಿಎ ಒಪ್ಪಿದ ಪಟ್ಟಿಯೊಂದಿದೆ. ನಾವು ಎಂಇಎಲ್ ಎನ್ನುತ್ತೇವೆ. ಬಿ ವರ್ಗದ ದೋಷಕ್ಕೆ 3 ದಿನ, ಸಿ ವರ್ಗಕ್ಕೆ 10, ಡಿ ವರ್ಗಕ್ಕೆ 120. ಎ ವರ್ಗದ ಗಡುವನ್ನು ಆಯಾ ದೋಷದ ಎದುರಿಗೇ ಬರೆದಿರುತ್ತದೆ. ದೋಷ ಕಂಡ ದಿನವನ್ನು ಎಣಿಕೆಗೆ ಹಿಡಿಯುವುದಿಲ್ಲ. ಪಟ್ಟಿಯಲ್ಲಿಲ್ಲದ್ದು, ಹಾರಾಟದ ಸುರಕ್ಷತೆಗೆ ಬೇಕಾದದ್ದು ಕೆಟ್ಟರೆ ದುರಸ್ತಿಯಾಗುವವರೆಗೆ ವಿಮಾನ ನಿಲ್ಲಲೇಬೇಕು.

ಪಟ್ಟಿ ಒಂದು ವಿಮಾನದ ಒಂದು ದೋಷದ ಬಗ್ಗೆ ಹೇಳುತ್ತದೆ. ಆ ವಿಮಾನ ನಾಳೆ ಯಾವ ಊರಿಗೆ ಹೋಗುತ್ತದೆ, ಆ ಊರಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಜೋಡಿಸಿ ನೋಡಬೇಕಾದವರು ನಾವು. ಬಾಲದಲ್ಲಿ ಎಪಿಯು ಎಂಬ ಪುಟ್ಟ ಎಂಜಿನ್ ಇರುತ್ತದೆ. ವಿಮಾನ ನಿಂತಿರುವಾಗ ವಿದ್ಯುತ್ತು, ತಂಪುಗಾಳಿ, ದೊಡ್ಡ ಎಂಜಿನ್ ಚಾಲೂ ಮಾಡಲು ಒತ್ತಡದ ಗಾಳಿ, ಎಲ್ಲವೂ ಅದರಿಂದ. ಅದು ಕೆಟ್ಟರೂ ಹಾರಬಹುದು. ಆದರೆ ಇಳಿದ ಊರಿನಲ್ಲಿ ಒತ್ತಡದ ಗಾಳಿ ಕೊಡುವ ಗಾಡಿ ಇರಬೇಕು, ಇಲ್ಲದಿದ್ದರೆ ಒಂದು ಎಂಜಿನ್ನನ್ನು ನಿಲ್ಲಿಸದೆ ಓಡಿಸುತ್ತಲೇ ಇರಬೇಕು. ಇದನ್ನು ನೆನಪಿಡಿ, ಮುಂದೆ ಬರುತ್ತದೆ.

ಈ ಕೆಲಸದಲ್ಲಿ ಕಾಗದಕ್ಕೆ ಲೋಹದಷ್ಟೇ ಬೆಲೆ. ಲಾರಿಯಲ್ಲಿ ಹೋದ ಆ ಚಕ್ರದ ಜತೆಗೆ ಒಂದು ಪ್ರಮಾಣಪತ್ರ ಹೋಗದಿದ್ದರೆ ಅದು ಗುಜರಿಗೆ ಸಮ. ಹೊಸದಾಗಿ ಹೊಳೆಯುತ್ತಿದ್ದರೂ ಯಾರೂ ಅದನ್ನು ಹಾಕುವಂತಿಲ್ಲ. ಬಿಡಿಭಾಗ ಸಿಗದಾಗ ದೀರ್ಘ ದುರಸ್ತಿಗೆ ನಿಂತ ವಿಮಾನದಿಂದ ಬಿಚ್ಚಿ ಇನ್ನೊಂದಕ್ಕೆ ಹಾಕುವುದುಂಟು. ನಮ್ಮ ಭಾಷೆಯಲ್ಲಿ ಅದಕ್ಕೆ ‘ರಾಬರಿ’ ಎಂದೇ ಹೆಸರು. ಹೆಸರು ಹಾಗಿದ್ದರೂ ಅದರಷ್ಟು ದಾಖಲೆ ಬೇಡುವ ಕೆಲಸ ಇನ್ನೊಂದಿಲ್ಲ. ಕೊಟ್ಟ ವಿಮಾನದ ಲೆಕ್ಕದಲ್ಲೂ ಬರೆಯಬೇಕು, ಪಡೆದ ವಿಮಾನದ ಲೆಕ್ಕದಲ್ಲೂ ಬರೆಯಬೇಕು.

ಬರೆಯುವುದರ ಬೆಲೆ ನನಗೆ ಮೊದಲು ಗೊತ್ತಾದದ್ದು ವಿಮಾನದಿಂದಲ್ಲ. ಅಪ್ಪ ಅರಸೀಕೆರೆಯ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ರಾತ್ರಿ ಬಸ್ಸು ಒಳಗೆ ಬಂದಾಗ ಡ್ರೈವರು ಗಾಡಿಯ ದೂರನ್ನು ಬರೆದುಕೊಡಬೇಕು. ‘ಬ್ರೇಕು ಎಡಕ್ಕೆ ಎಳೆಯುತ್ತೆ’ ಎಂದು ಒಬ್ಬರು ಬರೆದರೆ, ‘ಬ್ರೇಕು ನೋಡಿ’ ಎಂದಷ್ಟೇ ಬರೆದು ಬೀಡಿ ಹಚ್ಚಿಕೊಂಡು ಮನೆಗೆ ನಡೆಯುವವರೂ ಇದ್ದರು. ಎರಡನೆಯ ಥರದ ಚೀಟಿ ಕೈಗೆ ಬಂದರೆ ಅಪ್ಪ ಗೇಟಿನ ತನಕ ಓಡುತ್ತಿದ್ದರು. “ಅಣ್ಣಾ, ನಿಂತ್ಕೊ. ಬಿಸಿಯಾದಾಗ ಹಿಡಿಯುತ್ತೋ, ತಣ್ಣಗಿದ್ದಾಗಲೋ?” ಎಂದು ಕೇಳಿ, ಉತ್ತರವನ್ನು ತಾವೇ ಚೀಟಿಯ ಕೆಳಗೆ ಬರೆದುಕೊಂಡು ವಾಪಸ್ಸು ಬರುತ್ತಿದ್ದರು. ಬೇಸಿಗೆ ರಜೆಯಲ್ಲಿ ಊಟದ ಕ್ಯಾರಿಯರ್ ಕೊಡಲು ಹೋದಾಗಲೆಲ್ಲ ಇದನ್ನು ನೋಡಿದ್ದೇನೆ.

ಬೆಂಗಳೂರಿನ ವಿಮಾನ ಕಥೆಯಲ್ಲಿಯೂ ದುರಸ್ತಿಗೆ ದೊಡ್ಡ ಪಾಲಿದೆ ಎಂಬುದನ್ನು ನಾವು ಮರೆಯುತ್ತೇವೆ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದ್ದು ವಿಮಾನ ತಯಾರಿಸಲೆಂದು. ಆದರೆ ಎರಡನೆಯ ಮಹಾಯುದ್ಧದ ನಡುವರ್ಷಗಳಲ್ಲಿ ಅಲ್ಲಿ ಹಗಲಿರುಳು ನಡೆದದ್ದು ಮಿತ್ರರಾಷ್ಟ್ರಗಳ ವಿಮಾನಗಳ ರಿಪೇರಿ. ಕೆಟಲಿನಾ ಎಂಬ ನೀರಿನ ಮೇಲಿಳಿಯುವ ವಿಮಾನಗಳು ದುರಸ್ತಿಗೆಂದು ಬಂದು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಆ ಕೆರೆಯ ಇಂದಿನ ಗತಿ ನೋಡಿದವರಿಗೆ ಇದನ್ನು ನಂಬುವುದು ಕಷ್ಟ.

ಇನ್ನು ಆ ಕೈ ಬದಲಾಗುವ ಹೊತ್ತಿಗೆ ಬರುತ್ತೇನೆ. ನಮ್ಮ ತರಬೇತಿಯಲ್ಲಿ ಒಂದು ಅಪಘಾತವನ್ನು ಹೇಳಿಕೊಡುತ್ತಾರೆ. ನಾನೂ ಹೊಸಬರಿಗೆ ಅದನ್ನೇ ಮೊದಲು ಹೇಳುತ್ತೇನೆ.

1991ರ ಸೆಪ್ಟೆಂಬರ್ 11. ಅಮೆರಿಕದ ಟೆಕ್ಸಾಸಿನಲ್ಲಿ ಲರೇಡೊ ಊರಿನಿಂದ ಹ್ಯೂಸ್ಟನ್‌ಗೆ ಹೊರಟ ಕಾಂಟಿನೆಂಟಲ್ ಎಕ್ಸ್‌ಪ್ರೆಸ್ 2574 ಎಂಬ ಚಿಕ್ಕ ಎಂಬ್ರೇಯರ್ ವಿಮಾನ ಇಳಿಯಲು ಕೆಳಗೆ ಬರುತ್ತಿರುವಾಗ ಈಗಲ್ ಲೇಕ್ ಬಳಿ ಬಾನಿನಲ್ಲೇ ಒಡೆದು ಬಿತ್ತು. ಒಳಗಿದ್ದ 14 ಜನರೂ ಸತ್ತರು. ಹಿಂದಿನ ರಾತ್ರಿ ಹ್ಯಾಂಗರ್‌ನಲ್ಲಿ ಅದರ ಬಾಲದ ಅಡ್ಡರೆಕ್ಕೆಯ ಮುಂಚೂಣಿಯಲ್ಲಿ ಕಟ್ಟಿದ ಮಂಜುಗಡ್ಡೆಯನ್ನು ಒಡೆದು ಉದುರಿಸುವ ರಬ್ಬರ್ ಹೊದಿಕೆ ಬದಲಿಸುವ ಕೆಲಸ ನಡೆದಿತ್ತು. ಸಂಜೆ ಪಾಳಿಯವರು ಎರಡೂ ಬದಿಯ ಮೇಲ್ಭಾಗದ ಸ್ಕ್ರೂಗಳನ್ನು ಬಿಚ್ಚಿದರು. ರಾತ್ರಿ ಪಾಳಿಯವರು ಬಂದು ಬಲಬದಿಯ ಕೆಲಸ ಮುಗಿಸಿದರು. ಎಡಬದಿಗೆ ಯಾರೂ ಕೈಹಾಕಿಯೇ ಇಲ್ಲವೆಂದು ಅವರು ತಿಳಿದಿದ್ದರು. ಎಡಬದಿಯ ಮೇಲಿನ 47 ಸ್ಕ್ರೂಗಳು ವಾಪಸ್ಸು ಕೂರಲೇ ಇಲ್ಲ. ಬಾಲ ಎತ್ತರದಲ್ಲಿರುವ ವಿಮಾನ, ಕೆಳಗೆ ನಿಂತವರಿಗೆ ಮೇಲ್ಮೈ ಕಾಣುವುದಿಲ್ಲ. ಬೆಳಿಗ್ಗೆ ಒಂದು ಹಾರಾಟ ಏನೂ ಆಗದೆ ಮುಗಿಯಿತು. ವಾಪಸ್ಸಿನ ಹಾರಾಟದಲ್ಲಿ ಎಡಬದಿಯ ಮುಂಚೂಣಿ ಕಿತ್ತುಹೋಯಿತು.

ಈ ಕಥೆಯಲ್ಲಿ ನನ್ನನ್ನು ಬಿಡದೆ ಕಾಡುವ ವಿವರ ಇನ್ನೂ ಚಿಕ್ಕದು. ಸಂಜೆ ಪಾಳಿಯ ತಪಾಸಣಾಧಿಕಾರಿ ತಾನೇ ಕೈಜೋಡಿಸಿ ಆ ಸ್ಕ್ರೂಗಳನ್ನು ಬಿಚ್ಚಿದ್ದರು. ಹ್ಯಾಂಡೋವರ್ ಹಾಳೆಯಲ್ಲಿ ಅದನ್ನು ನಮೂದಿಸಿಯೂ ಇದ್ದರು. ಆದರೆ ರಾತ್ರಿ ಪಾಳಿಯ ತಪಾಸಣಾಧಿಕಾರಿ ಕರ್ತವ್ಯನಿಷ್ಠೆಯಿಂದ ಸ್ವಲ್ಪ ಮುಂಚೆಯೇ ಬಂದು ಹಾಳೆ ಓದಿದ್ದರು. ಅವರು ಓದಿದಾಗ ಆ ಸಾಲು ಇನ್ನೂ ಬರೆದಿರಲಿಲ್ಲ. ಬರೆದವರೂ ಇದ್ದರು, ಓದಿದವರೂ ಇದ್ದರು, ಇಬ್ಬರೂ ಒಂದು ಮೇಜಿನ ಎದುರು ಹತ್ತು ನಿಮಿಷ ಕೂರಲಿಲ್ಲ.

ಈ ಅಪಘಾತದ ತನಿಖೆ ನಡೆಸಿದ ಮಂಡಳಿಯ ಸದಸ್ಯರಲ್ಲೊಬ್ಬರಾದ ಜಾನ್ ಲಾಬರ್ ವರದಿಗೆ ತಮ್ಮ ಭಿನ್ನಮತ ದಾಖಲಿಸಿದರು. ತಂತ್ರಜ್ಞರ ಲೋಪವನ್ನಷ್ಟೇ ಕಾರಣವೆಂದರೆ ಸಾಲದು, ನಿಯಮ ಪಾಲಿಸುವ ಸಂಸ್ಕೃತಿಯನ್ನು ಬೆಳೆಸದ ಆಡಳಿತವೂ ಸಂಭವನೀಯ ಕಾರಣಗಳಲ್ಲಿ ಸೇರಬೇಕು ಎಂಬುದು ಅವರ ವಾದವಾಗಿತ್ತು. ನಾನು ಅವರ ಪರ.

ಇದೆಲ್ಲ ಹಳೆಯ ಕಾಲದ್ದು ಎನ್ನುವಂತಿಲ್ಲ. 2023ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ತಪಾಸಣೆಗೆ ಒಳಗಾದ ಕ್ವಾಂಟಾಸ್‌ನ ಎ380 ವಿಮಾನವೊಂದರ ಎಂಜಿನ್ನಿನೊಳಗೆ 1.25 ಮೀಟರ್ ಉದ್ದದ ನೈಲಾನ್ ಸಾಧನವೊಂದು ಉಳಿದುಹೋಯಿತು. ಸಾಧನ ಕಾಣುತ್ತಿಲ್ಲವೆಂದು ಗೊತ್ತಾದ ಮೇಲೂ ವಿಮಾನ ಬಿಡುಗಡೆಯಾಯಿತು. ಅದು 34 ಬಾರಿ ಹಾರಿದ ಮೇಲೆ, 2024ರ ಜನವರಿ 1ರಂದು ಸಾಧನ ಸಿಕ್ಕಿತು. ಅದೇ ಜನವರಿಯ 5ರಂದು ಅಲಾಸ್ಕಾ ಏರ್‌ಲೈನ್ಸ್‌ನ ಬೋಯಿಂಗ್ 737 ಮ್ಯಾಕ್ಸ್‌ನ ಬಾಗಿಲ ಫಲಕ ಹಾರಾಟದಲ್ಲಿ ಕಿತ್ತುಹೋಯಿತು. ಅದನ್ನು ಹಿಡಿದಿಡಬೇಕಾದ 4 ಬೋಲ್ಟುಗಳು ಇರಲಿಲ್ಲ. ಕಾರ್ಖಾನೆಯಲ್ಲಿ ಆ ಫಲಕವನ್ನು ತೆಗೆದು ಮತ್ತೆ ಹಾಕಿದ್ದಕ್ಕೆ ದಾಖಲೆಯೇ ಸಿಗಲಿಲ್ಲ.

ನನ್ನ ಕೈಯಿಂದಲೇ ಒಂದು ತಪ್ಪಾಗಿದೆ. ಹಿಂದೆ ದುಡಿಯುತ್ತಿದ್ದ ಸಂಸ್ಥೆಯಲ್ಲಿ, ಈ ಹುದ್ದೆಗೆ ಬಂದು ಎರಡನೆಯ ವರ್ಷ. ಅಲ್ಲಿ ಪಾಳಿಗೆ ಪಾಳಿ ಅಂಟಿಕೊಂಡಿರುತ್ತಿತ್ತು. ಏಳಕ್ಕೆ ಒಬ್ಬರು ಬೆರಳಚ್ಚು ಒತ್ತಿ ಹೊರಗೆ, ಏಳಕ್ಕೇ ಇನ್ನೊಬ್ಬರು ಒಳಗೆ. ಕ್ಯಾಬು ಕೆಳಗೆ ಹಾರ್ನ್ ಹೊಡೆಯುತ್ತಿತ್ತು. ಹೊರಟವರು ಬ್ಯಾಗು ಹೆಗಲಿಗೇರಿಸಿಕೊಂಡು ಬಾಗಿಲ ಬಳಿ ನಿಂತು, “ಆ ಸ್ಟೇಷನ್ನಲ್ಲಿ ಗಾಳಿ ಗಾಡಿ ಕೆಟ್ಟಿದೆಯಂತೆ ಕಣ್ರೀ, ನೋಡ್ಕೊಳಿ” ಎಂದರು. ನಾನು ಒಂದು ಕಿವಿಗೆ ಫೋನಿಟ್ಟುಕೊಂಡು ತಲೆಯಾಡಿಸಿದೆ. ಅವರೂ ಬರೆಯಲಿಲ್ಲ, ನಾನೂ ಬರೆದುಕೊಳ್ಳಲಿಲ್ಲ. ಮಧ್ಯಾಹ್ನ ವೇಳಾಪಟ್ಟಿಯವರು ಒಂದು ವಿಮಾನದ ಬದಲು ಇನ್ನೊಂದನ್ನು ಆ ಊರಿಗೆ ಹಾಕಲೇ ಎಂದು ಕೇಳಿದಾಗ ಒಪ್ಪಿದೆ. ಅದರ ಎಪಿಯು ಕೆಟ್ಟಿತ್ತು. ಅದು ಪಟ್ಟಿಯಲ್ಲಿತ್ತು, ನನಗೂ ಗೊತ್ತಿತ್ತು. ಆ ಊರಲ್ಲಿ ಗಾಳಿ ಗಾಡಿ ಇದೆ ಎಂಬ ನೆನಪೂ ಇತ್ತು. ಅದು ಕೆಟ್ಟಿದೆ ಎಂಬ ಬೆಳಗಿನ ಮಾತು ಮಾತ್ರ ಮರೆತುಹೋಗಿತ್ತು. ಕ್ಯಾಪ್ಟನ್ ಆ ಗಾಡಿಯನ್ನೇ ನಂಬಿ ಎರಡೂ ಎಂಜಿನ್ ನಿಲ್ಲಿಸಿದರು.

ಏಪ್ರಿಲ್ ತಿಂಗಳು. ತಂಪುಗಾಳಿ ಇಲ್ಲ, ಎಂಜಿನ್ ಚಾಲೂ ಮಾಡಲು ದಾರಿಯಿಲ್ಲ. ಜನರನ್ನು ಕೆಳಗಿಳಿಸಿ ಮೂರು ಗಂಟೆ ಕೂರಿಸಬೇಕಾಯಿತು, ಗಾಳಿ ಗಾಡಿ ರಿಪೇರಿಯಾಗುವ ತನಕ. ಅವರಲ್ಲಿ ಮಣ್ಣಿಗೆ ಹೊರಟಿದ್ದ ಒಂದು ಕುಟುಂಬವಿತ್ತೆಂದು ಆಮೇಲೆ ಗೊತ್ತಾಯಿತು. ಅವರು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ. ಯಾರ ಜೀವಕ್ಕೂ ಅಪಾಯವಾಗಲಿಲ್ಲ ಎಂದು ಸಮಾಧಾನ ಹೇಳಿದವರುಂಟು. ಆ ಸಮಾಧಾನ ನನಗೆ ಆಗಲಿಲ್ಲ, ಈಗಲೂ ಆಗಿಲ್ಲ.

ವಿಚಾರಣೆಯಲ್ಲಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಒಪ್ಪಿಗೆ ಕೊಟ್ಟವರು ಯಾರು? ನಾನು ಎಂದೆ. ಹ್ಯಾಂಡೋವರ್‌ಗೆ ಎಷ್ಟು ನಿಮಿಷ ಸಿಗುತ್ತದೆ ಎಂದು ಯಾರೂ ಕೇಳಲಿಲ್ಲ. ನನಗೆ ಎಚ್ಚರಿಕೆ ಪತ್ರ ಬಂತು. ಪಾಳಿಯ ವೇಳೆ ಹಾಗೆಯೇ ಉಳಿಯಿತು.

ಪಾಳಿ ಬದಲಾಗುವಾಗ ಮುಖ್ಯ ಮಾಹಿತಿಯನ್ನು ಸರಿಯಾಗಿ ದಾಟಿಸಬೇಕೆಂದು ನಿರ್ವಹಣಾ ಸಂಸ್ಥೆಗಳಿಗೆ ಅನ್ವಯಿಸುವ ಡಿಜಿಸಿಎ ನಿಯಮ ಸಿಎಆರ್-145 ಹೇಳುತ್ತದೆ. ಇದಕ್ಕೆ ಮಾದರಿಯಾದ ಯುರೋಪಿನ ನಿಯಮದ ವಿವರಣೆ ಇನ್ನೂ ಬಿಡಿಸಿ ಹೇಳಿದೆ. ಹೋಗುವವರಿಗೆ ಮುಖ್ಯವಾದದ್ದನ್ನು ತಿಳಿಸುವ ಸಾಮರ್ಥ್ಯ ಇರಬೇಕು, ಬರುವವರಿಗೆ ಅದನ್ನು ಗ್ರಹಿಸುವ ಸಾಮರ್ಥ್ಯ ಇರಬೇಕು, ಇವೆರಡರ ಜತೆ ಒಂದು ಕ್ರಮ, ಮೊದಲೇ ಯೋಜಿಸಿದ ಪಾಳಿಗಳ ಒಂದಿಷ್ಟು ಕೂಡುಹೊತ್ತು, ಮಾತಾಡಲು ಒಂದು ಜಾಗ ಇರಬೇಕು. ಜಾಗವನ್ನೂ ಬರೆದಿದ್ದಾರೆ ನೋಡಿ. ಬಾಗಿಲ ಬಳಿ ನಿಂತು ಆಡುವ ಮಾತನ್ನು ಕಂಡವರೇ ಅದನ್ನು ಬರೆದಿರಬೇಕು.

ಈ ಮಾತು ಮುಂದೆ ಇನ್ನಷ್ಟು ಮುಖ್ಯವಾಗುತ್ತದೆ, ಏಕೆಂದರೆ ನಮ್ಮಲ್ಲಿ ಹ್ಯಾಂಗರ್‌ಗಳು ಬೆಳೆಯುತ್ತಿವೆ. ದುರಸ್ತಿ ಸೇವೆಯ ಮೇಲಿನ ಜಿಎಸ್‌ಟಿಯನ್ನು 2020ರ ಏಪ್ರಿಲ್‌ನಲ್ಲಿ ಶೇ 18ರಿಂದ 5ಕ್ಕೆ ಇಳಿಸಿದ್ದಾರೆ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿದ ನಮ್ಮ ಹಳ್ಳಿಗಾಡಿನ ಮಕ್ಕಳು ಈ ವೃತ್ತಿಗೆ ಬರುತ್ತಿದ್ದಾರೆ, ಬರಬೇಕು ಕೂಡ. ರೈಟ್ ಸಹೋದರರ ಹೆಸರು ಎಲ್ಲರಿಗೂ ಗೊತ್ತು. ಅವರ 1903ರ ವಿಮಾನಕ್ಕೆ ಆರೇ ವಾರದಲ್ಲಿ 12 ಅಶ್ವಶಕ್ತಿಯ ಎಂಜಿನ್ ಕಟ್ಟಿಕೊಟ್ಟ ಮೆಕ್ಯಾನಿಕ್ ಚಾರ್ಲಿ ಟೇಲರ್ ಅವರನ್ನು ಬಲ್ಲವರು ಕಡಿಮೆ. ಅವರು ಹುಟ್ಟಿದ ಮೇ 24 ಅಮೆರಿಕದಲ್ಲಿ ವಿಮಾನ ತಂತ್ರಜ್ಞರ ದಿನ. ದೇವನಹಳ್ಳಿಯ ನಿಲ್ದಾಣ 2008ರಲ್ಲಿ ಬಾಗಿಲು ತೆರೆದದ್ದೂ ಮೇ 24ರಂದೇ. ಆ ದಿನ ನಮ್ಮಲ್ಲಿಯೂ ಅವರನ್ನು ನೆನೆದರೆ ಚೆನ್ನ.

ಆ ಮಳೆಗಾಲದ ರಾತ್ರಿಗೆ ಮರಳುತ್ತೇನೆ. ಲಾರಿ ಆರಕ್ಕೆ ಹತ್ತು ನಿಮಿಷವಿರುವಾಗ ಮುಟ್ಟಿತು. ನನ್ನ ಬದಲಿಗೆ ಬರುವ ಸಹೋದ್ಯೋಗಿ ಆರೂವರೆಗೇ ಬಂದು ಪಕ್ಕದ ಕುರ್ಚಿಯಲ್ಲಿ ಕುಳಿತರು. ಅವರು ಹಾಗೆ ಬರುವುದು ಸ್ವಂತ ಇಚ್ಛೆಯಿಂದ. ಹಾಜರಿ ಏಳರಿಂದಲೇ. ಪುಸ್ತಕವನ್ನು ಇಬ್ಬರ ನಡುವೆ ಇಟ್ಟುಕೊಂಡು ಒಂದೊಂದೇ ವಿಮಾನ ಓದಿದೆವು. ಟೈರಿನ ಸಾಲಿಗೆ ಬಂದಾಗ ಅವರು ಕೇಳಿದರು.

“ಚಕ್ರ ಏರಿದೆಯಾ?”

“ಏರಿದೆ. ನಟ್ಟು ಮೊದಲ ಸಲ ಬಿಗಿ ಮಾಡಿದಾರೆ. ಸಡಿಲಿಸಿ ಎರಡನೇ ಸಲ ಬಿಗಿ ಮಾಡೋದು ಬಾಕಿ.”

“ಅದನ್ನ ಹಾಗೇ ಬರೀರಿ, ಬಾಯಲ್ಲಿ ಹೇಳಿದೆ ಅಂತ ಬಿಡಬೇಡಿ. ‘ಎರಡನೇ ಟಾರ್ಕ್ ಬಾಕಿ’ ಅಂತ ಬರೀರಿ ಸಾರ್.”

ಬರೆದೆ. ಅವರು ನನ್ನೆದುರಿಗೇ ಆ ಊರಿಗೆ ಫೋನು ಮಾಡಿ ಎಂಜಿನಿಯರ್ ಬಾಯಿಂದ ಅದೇ ಮಾತನ್ನು ಕೇಳಿಸಿಕೊಂಡು, ಸಾಲಿನ ಎದುರು ತಮ್ಮ ಸಹಿ ಹಾಕಿದರು. ಏಳು ಗಂಟೆ ಐದು ನಿಮಿಷಕ್ಕೆ ನಾನು ಎದ್ದೆ. ವಿಮಾನ 8.50ಕ್ಕೆ ಹೊರಟಿತೆಂದು ಮನೆಯಲ್ಲಿ ಸಂದೇಶ ನೋಡಿದೆ.

ರೋಸ್ಟರ್ ಹಾಕುವವರಲ್ಲಿ, ಅದಕ್ಕೆ ಒಪ್ಪಿಗೆ ಕೊಡುವವರಲ್ಲಿ ನನ್ನ ಕೋರಿಕೆ ಇಷ್ಟೇ. ಏಳರ ಪಾಳಿಯವರ ಹಾಜರಿ ಆರೂವರೆಗೆ ಶುರುವಾಗಲಿ. ಆ ಅರ್ಧ ಗಂಟೆಗೂ ಸಂಬಳ ಕೊಡಿ. ಇಬ್ಬರು ಎದುರುಬದುರು ಕೂರಲು ಒಂದು ಮೇಜು, ಎರಡು ಕುರ್ಚಿ ಹಾಕಿಸಿ. ಅಷ್ಟು ಹೊತ್ತು ಕ್ಯಾಬಿನವರು ಕಾಯಲಿ.